ಬೆಚ್ಚನೆಯ ಕಡಲಿಗೆ ಯಾವ ವೆಟ್‌ಸೂಟ್: ಲೈಕ್ರಾ, ಶಾರ್ಟಿ, 3 ಎಂಎಂ, 5 ಎಂಎಂ?

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ ಬಂದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಸ್ವಂತಕ್ಕೊಂದು ವೆಟ್‌ಸೂಟ್ ತಗೊಳ್ಳೋಣ ಅಂತಿದ್ದೀನಿ, ಯಾವುದು ತಗೊಳ್ಳಲಿ?" ಕೇಳುವ ಹೊತ್ತಿಗೆ ತಲೆ ಆಗಲೇ ಕೆಟ್ಟಿರುತ್ತದೆ. ಗೆಳೆಯನೊಬ್ಬ ಬರೀ ಮೈಗಂಟುವ ತೆಳು ಅಂಗಿ, ಅಂದರೆ ರ‍್ಯಾಶ್ ಗಾರ್ಡ್ ಸಾಕು ಅಂದಿರುತ್ತಾನೆ. ಕಲಿಸಿದ ಇನ್‌ಸ್ಟ್ರಕ್ಟರ್ ಮಾತ್ರ ಫುಲ್ ಸೂಟ್ ಹಾಕಿಕೊಂಡಿರುತ್ತಾರೆ. ಅಂಗಡಿಯಲ್ಲಿ ಶಾರ್ಟಿಯ ಬೆಲೆ ಕಡಿಮೆ ಕಂಡಿರುತ್ತದೆ. 28 ಡಿಗ್ರಿ ನೀರಿಗೆ ಇದೆಲ್ಲ ಬೇಕಾ ಅನ್ನೋ ಅನುಮಾನ ಬೇರೆ.

ಬೇಕು. ದಡದಲ್ಲಿ 28 ಡಿಗ್ರಿ ಅಂದರೆ ಫ್ಯಾನ್ ಹಾಕಿಕೊಳ್ಳುವ ಹವೆ. ನೀರಿನೊಳಗೆ ಲೆಕ್ಕ ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಬರಿಮೈಯಲ್ಲಿ ಅಲ್ಲಾಡದೆ ಇರುವ ಮನುಷ್ಯ ತಣ್ಣಗಾಗದೆ ಉಳಿಯಬೇಕಾದರೆ ನೀರು ಹೆಚ್ಚುಕಡಿಮೆ 33ರಿಂದ 35 ಡಿಗ್ರಿ ಇರಬೇಕು. ಅಂದರೆ 28 ಡಿಗ್ರಿಯಲ್ಲೂ ಮೈ ತಣ್ಣಗಾಗುತ್ತಲೇ ಇರುತ್ತದೆ, ನಿಧಾನವಾಗಿ. ಮೊದಲ ಡೈವ್‌ನಲ್ಲಿ ಗೊತ್ತೇ ಆಗೋದಿಲ್ಲ. ಎರಡನೆಯದರ ಕೊನೆಗೆ ಸ್ವಲ್ಪ ನಡುಕ. ಮೂರನೆಯದಕ್ಕೆ ಹಲ್ಲು ಕಟಕಟ.

ಚಳಿ ಹಿಡಿದರೆ ಉಸಿರು ಜಾಸ್ತಿ ಬೇಕಾಗುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಕಣ್ಣು ಮೀನಿನ ಮೇಲಿದ್ದರೂ ಮನಸ್ಸು ದೋಣಿ ಮೇಲಿನ ಟವೆಲ್ ಕಡೆ ಇರುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಮೇಲೇರುವ ಹೊತ್ತಿಗೆ ಮೈ ತಣ್ಣಗಿದ್ದರೆ ಚರ್ಮ ಮತ್ತು ಸ್ನಾಯುಗಳಲ್ಲಿ ರಕ್ತದ ಓಡಾಟ ಕಡಿಮೆಯಾಗುತ್ತದೆ. ಆಗ ಮೈಯಲ್ಲಿ ಸೇರಿಕೊಂಡ ನೈಟ್ರೋಜನ್ ಹೊರಗೆ ಹೋಗುವುದೂ ನಿಧಾನ. ಮೈಯೊಳಗೆ ಅನಿಲದ ಗುಳ್ಳೆ ಕಟ್ಟುವ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಹೀಗೆ ಏರುತ್ತದೆ.

ಹಾಗಾಗಿ ಸೂಟ್ ಆರಿಸುವಾಗ ಕಡಲ ಮೇಲ್ಮೈ ಎಷ್ಟು ಡಿಗ್ರಿ ಅಂತ ಕೇಳಿ ಅಲ್ಲಿಗೇ ನಿಲ್ಲಬೇಡಿ. ದಿನದ ಕೊನೆಯ ಡೈವ್‌ನ ಕೊನೆಯ ಹತ್ತು ನಿಮಿಷದಲ್ಲಿ ನಿಮ್ಮ ಮೈ ಹೇಗಿರುತ್ತದೆ ಅಂತ ಕೇಳಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ನೋಡಬೇಕಾದ್ದು

ಯಾವ ಕಡಲು, ಯಾವ ತಿಂಗಳು? ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಮೂರರಲ್ಲೂ ವರ್ಷದ ಬಹುಪಾಲು ನೀರು 27ರಿಂದ 30 ಡಿಗ್ರಿ. ಮುರುಡೇಶ್ವರದ ನೇತ್ರಾಣಿಯೂ ಸೀಸನ್ನಿನಲ್ಲಿ ಹತ್ತಿರ ಹತ್ತಿರ ಅಷ್ಟೇ. ಆದರೆ ಅಲ್ಲಿ ಒಂದು ವಿಶೇಷ ಇದೆ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ತಳದ ತಣ್ಣೀರು ಮೇಲೇಳುತ್ತದೆ. ಮಳೆ ನಿಂತು ಡೈವಿಂಗ್ ಶುರುವಾದ ಮೇಲೂ ಕೆಲ ವಾರ ಅದರ ಪರಿಣಾಮ ಉಳಿದಿರುತ್ತದೆ. ಅಕ್ಟೋಬರ್‌ನಲ್ಲಿ ಹೋದವರಿಗೂ ಮಾರ್ಚ್‌ನಲ್ಲಿ ಹೋದವರಿಗೂ ಅನುಭವ ಒಂದೇ ಆಗಿರಬೇಕೆಂದಿಲ್ಲ.

ಮೇಲೆ ಬಿಸಿ, ಕೆಳಗೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣಗೆ. ಇದಕ್ಕೆ ಥರ್ಮೊಕ್ಲೈನ್ ಅನ್ನುತ್ತಾರೆ. ಅಂಡಮಾನ್ ಸಮುದ್ರದ ಆಚೆ ದಡದಲ್ಲಿ, ಥಾಯ್ಲೆಂಡಿನ ಸಿಮಿಲಾನ್ ದ್ವೀಪಗಳ ಪಶ್ಚಿಮ ಮಗ್ಗುಲಿಗೆ, ಕಡಲೊಳಗಿನ ಅಲೆಗಳು ಆಳದ ನೀರನ್ನು ತಳ್ಳಿಕೊಂಡು ಬರುತ್ತವೆ. ಕೆಲವೇ ನಿಮಿಷದಲ್ಲಿ ನೀರು ಹಲವು ಡಿಗ್ರಿ ಇಳಿಯುವುದುಂಟು. ಬಾಲಿಯ ಕಥೆ ಇನ್ನೂ ಮಜ. ಅದು ಸಮಭಾಜಕದ ಹತ್ತಿರದ ದ್ವೀಪ, ಫೋಟೋದಲ್ಲಿ ಬರೀ ತೆಂಗಿನ ಮರ. ಆದರೆ ಜುಲೈನಿಂದ ಅಕ್ಟೋಬರ್‌ವರೆಗೆ ಮೋಲಾ ಎಂಬ ದೈತ್ಯ ಮೀನು ನೋಡಲು ಪಕ್ಕದ ನೂಸಾ ಪೆನಿಡಾ ದ್ವೀಪಕ್ಕೆ ಹೋದರೆ ನೀರು 20 ಡಿಗ್ರಿಯ ಆಸುಪಾಸು, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ. "ಉಷ್ಣವಲಯ" ಅಂತ ನಂಬಿ ಶಾರ್ಟಿ ಹಾಕಿಕೊಂಡು ಹೋದವರು ಹದಿನೈದೇ ನಿಮಿಷಕ್ಕೆ ಮೇಲೆ ಬರುತ್ತಾರೆ.

ಎಷ್ಟು ಡೈವ್, ಎಷ್ಟು ದಿನ? ದಿನಕ್ಕೊಂದು ಡೈವ್ ಮಾಡುವವರಿಗೂ ಮಾಲ್ಡೀವ್ಸಿನಲ್ಲಿ ರಾತ್ರಿಯೂ ತಂಗುವ ದೋಣಿ, ಅಂದರೆ ಲಿವ್‌ಅಬೋರ್ಡ್‌ನಲ್ಲಿ ವಾರವಿಡೀ ದಿನಕ್ಕೆ ಮೂರು-ನಾಲ್ಕು ಸಲ ಇಳಿಯುವವರಿಗೂ ಒಂದೇ ಸೂಟ್ ಆಗೋದಿಲ್ಲ. ಎರಡು ಡೈವ್‌ಗಳ ನಡುವೆ ಮೈ ಪೂರ್ತಿ ಬೆಚ್ಚಗಾಗಿರುವುದಿಲ್ಲ. ಆ ಕೊರತೆ ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ.

ನಿಮ್ಮ ಮೈ ಹೇಗೆ? ಇದನ್ನು ಯಾವ ಚಾರ್ಟೂ ಹೇಳೋದಿಲ್ಲ. ತೆಳ್ಳಗಿನವರು, ಮಕ್ಕಳು, ವಯಸ್ಸಾದವರು ಬೇಗ ತಣ್ಣಗಾಗುತ್ತಾರೆ. ಆಫೀಸಿನ ಎಸಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವವರಾ ನೀವು? ಹಾಗಾದರೆ ಪಕ್ಕದವರು ಏನು ಹಾಕಿದ್ದಾರೆ ಅಂತ ನೋಡಬೇಡಿ, ಒಂದು ಮೆಟ್ಟಿಲು ದಪ್ಪದ್ದನ್ನೇ ಆರಿಸಿ.

ಚಳಿಯಷ್ಟೇ ಮುಖ್ಯವಾದದ್ದು ಚರ್ಮದ ರಕ್ಷಣೆ. ಜೆಲ್ಲಿ ಮೀನು, ಮುಟ್ಟಿದರೆ ಉರಿಯುವ ಫೈರ್ ಕೋರಲ್, ದೋಣಿ ಕಟ್ಟಿದ ಹಗ್ಗಕ್ಕೆ ಅಂಟಿಕೊಂಡು ಬೆಳೆದ ಹೈಡ್ರಾಯ್ಡ್ ಎಂಬ ಕುಟುಕುವ ಪುಟ್ಟ ಜೀವಿ, ಬಂಡೆಗೆ ಕಚ್ಚಿಕೊಂಡ ಚೂಪು ಚಿಪ್ಪು. ಪ್ರವಾಹ ಇರುವ ಕಡೆ ಹಗ್ಗ ಹಿಡಿದೇ ಇಳಿಯಬೇಕಾಗುತ್ತದೆ, ಬರಿಗೈ ಆದರೆ ಆ ರಾತ್ರಿಯೆಲ್ಲ ಕೆರೆತ. ಬಿಸಿಲೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮೈ ಮುಚ್ಚಿದಷ್ಟೂ ಸನ್‌ಸ್ಕ್ರೀನ್ ಕಡಿಮೆ ಸಾಕು. ಹವಳಕ್ಕೆ ಹಾನಿ ಅಂತ ಕೆಲವು ಸನ್‌ಸ್ಕ್ರೀನ್ ರಾಸಾಯನಿಕಗಳನ್ನು ಪಲಾವ್ ದೇಶ 2020ರಲ್ಲಿ, ಹವಾಯಿ 2021ರಲ್ಲಿ ನಿಷೇಧಿಸಿದ ಮೇಲೆ ಬಹಳ ಡೈವರ್‌ಗಳು ಬಟ್ಟೆಯನ್ನೇ ನಂಬುತ್ತಿದ್ದಾರೆ.

ಉಳಿದವು ತೇಲುವಿಕೆ, ಬ್ಯಾಗಿನ ತೂಕ, ಒಣಗುವ ಹೊತ್ತು, ದುಡ್ಡು. ಇವು ಒಂದೊಂದು ಸೂಟಿನ ಜೊತೆಗೇ ಬರುತ್ತವೆ, ಅಲ್ಲೇ ನೋಡೋಣ. ಬೆಲೆ ಊರಿಂದ ಊರಿಗೆ, ಸೇಲ್‌ನಿಂದ ಸೇಲ್‌ಗೆ ಬದಲಾಗುತ್ತದೆ. ಇಲ್ಲಿ ಹೇಳಿರೋದು ಅಂದಾಜು ಮಾತ್ರ.

ರ‍್ಯಾಶ್ ಗಾರ್ಡ್, ಲೈಕ್ರಾ ಸೂಟ್

ಸಾವಿರ ರೂಪಾಯಿ ಆಸುಪಾಸಿಗೆ ಒಳ್ಳೆಯ ರ‍್ಯಾಶ್ ಗಾರ್ಡ್ ಬರುತ್ತದೆ. ಕತ್ತಿನಿಂದ ಕಾಲಿನವರೆಗೆ ಮುಚ್ಚುವ ಲೈಕ್ರಾ ಸೂಟ್ ಇನ್ನಷ್ಟು ಜಾಸ್ತಿ. ಬಿಸಿಲು ತಡೆಯುತ್ತದೆ, ಜೆಲ್ಲಿ ಮೀನಿನ ಕುಟುಕು ಬಹುಮಟ್ಟಿಗೆ ತಪ್ಪುತ್ತದೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ, ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ತೇಲದೆ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕ ಹೆಚ್ಚು ಮಾಡಬೇಕಾಗಿಲ್ಲ.

ಬೆಚ್ಚಗಿಡುವುದು? ಇಲ್ಲ ಅಂತಲೇ ತಿಳಿಯಿರಿ. ದೋಣಿಯಲ್ಲಂತೂ ಉಲ್ಟಾ ಆಗುತ್ತದೆ. ಒದ್ದೆ ಲೈಕ್ರಾಗೆ ಗಾಳಿ ಬಡಿದರೆ ನೀರಿನೊಳಗಿಗಿಂತ ಜಾಸ್ತಿ ಚಳಿ. ನೇತ್ರಾಣಿಯಿಂದ ದಡಕ್ಕೆ ಗಂಟೆಗೂ ಮೀರಿದ ದೋಣಿ ದಾರಿ ಇದೆ ಅನ್ನೋದು ನೆನಪಿರಲಿ.

ಸ್ನಾರ್ಕೆಲಿಂಗ್‌ಗೆ, ಏಪ್ರಿಲ್-ಮೇ ಬಿಸಿಲಲ್ಲಿ ಹವಳದ ಮೇಲಿನ ಒಂದೇ ಒಂದು ಡೈವ್‌ಗೆ, ಚಳಿಯೇ ಗೊತ್ತಿಲ್ಲದ ಜನಕ್ಕೆ ಇದು ಸಾಕು. ಆದರೂ ಎಲ್ಲರೂ ಮೊದಲು ಕೊಳ್ಳಬೇಕಾದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಕಾರಣ ಬೇರೆ. ಯಾವ ಸೂಟ್ ಹಾಕಿದರೂ ಒಳಗೆ ಇದಿದ್ದರೆ ಸೂಟ್ ಸಲೀಸಾಗಿ ಜಾರುತ್ತದೆ, ಕತ್ತು-ಕಂಕುಳು ಉಜ್ಜಿ ಗಾಯವಾಗೋದಿಲ್ಲ. ಬಾಡಿಗೆ ಸೂಟಿಗೂ ನಿಮ್ಮ ಮೈಗೂ ನಡುವೆ ಒಂದು ಪದರ ಇರುತ್ತದೆ. ಬಾಡಿಗೆ ಸೂಟಿನೊಳಗೆ ಜನ ಏನು ಮಾಡುತ್ತಾರೆ ಅಂತ ಡೈವ್ ಮಾಡುವವರಿಗೆ ಗೊತ್ತು. ನೀರಿನ ಒತ್ತಡಕ್ಕೂ ತಂಪಿಗೂ ಮೂತ್ರ ಜಾಸ್ತಿ ಬರೋದು ಮೈಯ ಸಹಜ ಗುಣ. ಮುಂದೆ ಹೇಳೋದು ಬೇಡ ಅಲ್ವಾ?

ದಪ್ಪ ಸೂಟಿನ ಬಿಗಿತ ಇಷ್ಟವಾಗದ, ಆದರೆ ಮೈ ಪೂರ್ತಿ ಮುಚ್ಚಿರಬೇಕು ಅನ್ನುವ ಹೆಂಗಸರಿಗೂ ಲೈಕ್ರಾ ಅನುಕೂಲ. ಸಣ್ಣ ದೋಣಿಗಳಲ್ಲಿ ಬಟ್ಟೆ ಬದಲಿಸಲು ಮರೆ ಸಿಗೋದು ಕಡಿಮೆ. ರೂಮಿನಿಂದಲೇ ಇದನ್ನು ಹಾಕಿಕೊಂಡು ಬಂದರೆ ಮೇಲೆ ಸೂಟ್ ಏರಿಸಿದರೆ ಆಯಿತು.

ಶಾರ್ಟಿ

ಮೊಣಕೈ ಮೇಲೆ, ಮೊಣಕಾಲ ಮೇಲೆ ಮುಗಿಯುವ 2 ಅಥವಾ 3 ಎಂಎಂ ದಪ್ಪದ ಸೂಟ್ ಇದು. ಬೆಲೆ ಫುಲ್ ಸೂಟಿಗಿಂತ ಕಡಿಮೆ, ಹಾಕೋದು-ಬಿಚ್ಚೋದು ಸುಲಭ. ಹೊಸಬರು ಜಾಸ್ತಿ ಕೊಳ್ಳೋದೂ ಇದನ್ನೇ. ನನಗೆ ಮಾತ್ರ ಇದು ಎರಡೂ ಕಡೆಯಿಂದ ಅರ್ಧ ಕೆಲಸ ಮಾಡುವ ಸೂಟ್ ಅನಿಸುತ್ತದೆ. ಎದೆ-ಹೊಟ್ಟೆ ಬೆಚ್ಚಗಿರುತ್ತದೆ, ನಿಜ. ಆದರೆ ಹಗ್ಗಕ್ಕೆ, ಬಂಡೆಗೆ, ಜೆಲ್ಲಿ ಮೀನಿಗೆ ಮೊದಲು ತಾಗೋದೇ ಕೈಕಾಲು, ಅವು ಬರಿದಾಗಿವೆ. ಚಳಿಗಾಗಿ ಕೊಂಡರೆ ಮೂರನೆಯ ಡೈವ್‌ಗೆ ಸಾಲೋದಿಲ್ಲ, ರಕ್ಷಣೆಗಾಗಿ ಕೊಂಡರೆ ಲೈಕ್ರಾನೇ ವಾಸಿ. ಇಷ್ಟಾಗಿಯೂ ಗುಳ್ಳೆ ತುಂಬಿದ ರಬ್ಬರ್, ಅಂದರೆ ನಿಯೋಪ್ರೀನ್ ಇರೋದರಿಂದ ತೇಲುತ್ತದೆ, ಸೀಸ ಸೇರಿಸಬೇಕು.

ಆದರೆ ಪೂರ್ತಿ ತಳ್ಳಿಹಾಕುವಂತಿಲ್ಲ. ಒಳಗೆ ಫುಲ್ ಲೈಕ್ರಾ, ಮೇಲೆ ಶಾರ್ಟಿ ಹಾಕಿದರೆ ಒಳ್ಳೆಯ ಜೋಡಿ. ದಿನಕ್ಕೆ ಎರಡು ಡೈವ್ ಆರಾಮವಾಗಿ ಸಾಗುತ್ತವೆ, ಸೆಕೆಯೂ ಆಗೋದಿಲ್ಲ. ಸೂಟ್ ಏರಿಸುವಾಗ ಮಂಡಿನೋವು, ಭುಜನೋವಿನಿಂದ ಒದ್ದಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನು ಫುಲ್ ಸೂಟ್ ಇರುವವರು ಹಳೆಯ ಶಾರ್ಟಿಯನ್ನು ಅದರ ಮೇಲೆ ಏರಿಸಿದರೆ ಎದೆಗೆ 5-6 ಎಂಎಂ ಆಗುತ್ತದೆ.

3 ಎಂಎಂ ಫುಲ್ ಸೂಟ್

ಬೆಚ್ಚನೆಯ ಕಡಲಿಗೆ ಒಂದೇ ಸೂಟ್ ಅಂದರೆ ಇದು. ಅಂಡಮಾನ್, ಲಕ್ಷದ್ವೀಪ, ನೇತ್ರಾಣಿ, ಮಾಲ್ಡೀವ್ಸ್, ಶ್ರೀಲಂಕಾ ಎಲ್ಲಕ್ಕೂ ಬಹುಪಾಲು ಜನಕ್ಕೆ ಸಾಕು. ಕೈಕಾಲು ಮುಚ್ಚಿರುತ್ತವೆ. ಸೆಕೆ ಅನ್ನಿಸಿದರೆ ಕತ್ತು ಎಳೆದು ಒಳಗೆ ಸ್ವಲ್ಪ ನೀರು ಬಿಟ್ಟುಕೊಂಡರಾಯಿತು, ತಂಪಾಗುತ್ತದೆ. ಚಳಿ ಆದರೆ ಬಟ್ಟೆ ದಪ್ಪ ಮಾಡಿಕೊಳ್ಳುವ ಉಪಾಯ ನೀರೊಳಗೆ ಇಲ್ಲ. ಅನುಮಾನ ಇದ್ದರೆ ಬೆಚ್ಚಗಿನ ಕಡೆಗೇ ವಾಲಬೇಕು ಅನ್ನೋದು ಇದಕ್ಕೇ.

ಸೂಟ್ ಹೇಗೆ ಬೆಚ್ಚಗಿಡುತ್ತದೆ ಅಂತ ತಿಳಿದರೆ ಆರಿಸೋದು ಸುಲಭ. ಒಳಗೆ ಸಿಕ್ಕಿಕೊಂಡ ನೀರು ಬಿಸಿಯಾಗಿ ಕಾಪಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾದ ಕೆಲಸ ಮಾಡೋದು ನಿಯೋಪ್ರೀನ್ ರಬ್ಬರಿನಲ್ಲಿ ತುಂಬಿದ ಅನಿಲದ ಪುಟ್ಟ ಗುಳ್ಳೆಗಳು. 1950ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ವೆಟ್‌ಸೂಟ್ ಯೋಚಿಸಿದ್ದು ಈ ಅರಿವಿನಿಂದಲೇ. ಬಟ್ಟೆಯೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಮೈ ಒಣಗಿರಬೇಕಾಗಿಲ್ಲ. ಒಳಗಿನ ನೀರು ಹೊರಗಿನ ನೀರಿನ ಜೊತೆ ಅದಲುಬದಲಾಗದೆ ಇದ್ದರೆ ಸಾಕು. ಅದಕ್ಕೇ ಸೂಟ್ ಮೈಗೆ ಅಂಟಿಕೊಂಡಿರಬೇಕು. ದೊಗಲೆ 5 ಎಂಎಂಗಿಂತ ಮೈಗೊಪ್ಪುವ 3 ಎಂಎಂ ಬೆಚ್ಚಗೆ.

ಈ ಗುಳ್ಳೆಗಳಿಗೆ ಒಂದು ದೌರ್ಬಲ್ಯ ಇದೆ. ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟು, ಮೂವತ್ತು ಮೀಟರ್‌ನಲ್ಲಿ ನಾಲ್ಕು ಪಟ್ಟು. ಗುಳ್ಳೆ ಕುಗ್ಗುತ್ತದೆ, ಸೂಟ್ ತೆಳ್ಳಗಾಗುತ್ತದೆ. ಮೇಲೆ 3 ಎಂಎಂ ಇದ್ದದ್ದು ಆಳದಲ್ಲಿ ಅಷ್ಟು ಉಳಿಯೋದಿಲ್ಲ. ಬಿಸಿಯೂ ಕಡಿಮೆ, ತೇಲುವಿಕೆಯೂ ಕಡಿಮೆ. ಆಳದ ಡೈವ್ ಜಾಸ್ತಿ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ವರ್ಷಗಟ್ಟಲೆ ಬಳಸಿದ ಸೂಟಿನಲ್ಲಿ ಗುಳ್ಳೆಗಳು ಒಡೆದು ಕುಸಿದಿರುತ್ತವೆ, ಆಗ ಲೇಬಲ್ ಮೇಲೆ 3 ಎಂಎಂ ಅಂತ ಇದ್ದರೂ ಅದು ಹೆಸರಿಗೆ ಮಾತ್ರ. ಬಾಡಿಗೆ ಸೂಟ್ ಹಾಕಿ "3 ಎಂಎಂನಲ್ಲೂ ಚಳಿ ಆಯ್ತು" ಅನ್ನುವವರಿಗೆ ಬಹಳ ಸಲ ಇದೇ ಉತ್ತರ.

ಇದೇ ಕಾರಣಕ್ಕೆ ಸರ್ಫಿಂಗ್ ಸೂಟ್ ಬೇರೆ, ಡೈವಿಂಗ್ ಸೂಟ್ ಬೇರೆ. ಮೂಲ್ಕಿ ಕಡೆ ಸರ್ಫಿಂಗ್ ಮಾಡುವವರು "ನನ್ನ ಹತ್ರ ಸೂಟ್ ಇದೆಯಲ್ಲ" ಅನ್ನಬಹುದು. ಅದರ ನಿಯೋಪ್ರೀನ್ ಮೆತ್ತಗಿರುತ್ತದೆ, ಕೈ ಬೀಸಲು ಸುಲಭ, ಆದರೆ ಆಳದಲ್ಲಿ ಬೇಗ ಚಪ್ಪಟೆಯಾಗುತ್ತದೆ. ಹತ್ತು ಮೀಟರ್ ಒಳಗಿನ ಡೈವ್‌ಗೆ ನಡೆಯುತ್ತದೆ. ಟ್ರಯಥ್ಲಾನ್ ಸೂಟ್ ಮಾತ್ರ ಬೇಡವೇ ಬೇಡ. ಅದರ ನುಣುಪು ಮೈ ಟ್ಯಾಂಕಿನ ಪಟ್ಟಿಗೆ, ಬಂಡೆಗೆ ಹರಿದುಹೋಗುತ್ತದೆ.

ಯಾವುದಕ್ಕೆ ದುಡ್ಡು ಜಾಸ್ತಿ ಕೊಡಬೇಕು, ಯಾವುದಕ್ಕೆ ಬೇಡ? ಹೊಲಿಗೆಗೆ ಬೇಡ. ಚಪ್ಪಟೆಯಾಗಿ ಹೊಲಿಯುವ ಫ್ಲ್ಯಾಟ್‌ಲಾಕ್ ಹೊಲಿಗೆಯ ಸೂಜಿ ತೂತುಗಳಲ್ಲಿ ಸ್ವಲ್ಪ ನೀರು ಬರುತ್ತದೆ. ಅಂಟು ಹಚ್ಚಿ ಒಳಹೊಲಿಗೆ ಹಾಕಿದ್ದರಲ್ಲಿ ಬರೋದಿಲ್ಲ, ಆದರೆ ಅದು ತಣ್ಣನೆ ದೇಶಗಳ ಅಗತ್ಯ. ನಮ್ಮ ನೀರಿಗೆ ಫ್ಲ್ಯಾಟ್‌ಲಾಕ್ ಸಾಕು, ಚರ್ಮಕ್ಕೂ ಮೃದು. ಹಿಗ್ಗುವ ಗುಣಕ್ಕೆ ಮಾತ್ರ ಕೊಡಿ. ಭುಜ, ಕಂಕುಳು, ಮಂಡಿಯ ಹಿಂದೆ ಚೆನ್ನಾಗಿ ಹಿಗ್ಗುವ ಬಟ್ಟೆ ಇದ್ದರೆ ಕುಲುಕುವ ದೋಣಿಯಲ್ಲಿ ಒಬ್ಬರೇ ಹಾಕಿಕೊಳ್ಳಬಹುದು. ಮಂಡಿಗೆ ಗಟ್ಟಿ ಪ್ಯಾಡ್ ಇರಲಿ.

ಜಿಪ್ ಹಿಂದೆಯೋ ಮುಂದೆಯೋ ಅನ್ನೋದು ಅಭ್ಯಾಸದ ಮಾತು. ಹಿಂದಿನ ಜಿಪ್‌ಗೆ ಉದ್ದ ದಾರ ಇರುತ್ತದೆ, ಒಬ್ಬರೇ ಎಳೆದುಕೊಳ್ಳಬಹುದು. ಮುಂದಿನ ಜಿಪ್ ಇರೋದು ಭುಜ ಹಿಡಿದುಕೊಂಡವರಿಗೆ ಸುಲಭ, ಸೆಕೆ ಆದಾಗ ತಕ್ಷಣ ತೆಗೆಯಬಹುದು. ಉದ್ದ ಕೂದಲಿನವರು ಕತ್ತಿನ ವೆಲ್ಕ್ರೋ ನೋಡಿಕೊಳ್ಳಿ. ಬಿಚ್ಚುವಾಗ ಜಡೆ ಅದಕ್ಕೆ ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ.

ಇದರ ಖರ್ಚಿನ ಬಾಬತ್ತು: ಡೆಕಥ್ಲಾನ್‌ನ ಸುಬಿಯಾದಂಥ ಸರಳ ಸೂಟುಗಳು ಕೆಲವು ಸಾವಿರದಲ್ಲಿ ಮುಗಿಯುತ್ತವೆ. ಸ್ಕೂಬಾಪ್ರೋ, ಮಾರೆಸ್, ಕ್ರೆಸ್ಸಿ ಥರದ ಡೈವಿಂಗ್ ಕಂಪನಿಗಳದ್ದು ಹತ್ತು ಸಾವಿರದ ಮೇಲೆ. ವರ್ಷಕ್ಕೊಂದು ಪ್ರವಾಸ ಮಾಡುವವರಿಗೆ ಮೊದಲನೆಯದೇ ಧಾರಾಳ. ಎರಡು ಕಿಲೋ ಆಸುಪಾಸು ಸೀಸ ಹೆಚ್ಚು ಬೇಕಾಗಬಹುದು. ಮೊದಲ ಡೈವ್‌ಗೆ ಮುಂಚೆ ವೇಟ್ ಚೆಕ್ ಮಾಡಿಸಿಕೊಳ್ಳಿ, ಅಂದಾಜಿಗೆ ಕಟ್ಟಿಕೊಳ್ಳಬೇಡಿ. ಒಣಗಿದ್ದಾಗ ಹೊರೆಯಲ್ಲ, ಒದ್ದೆಯಾದರೆ ಭಾರ. ಪೋರ್ಟ್ ಬ್ಲೇರ್ ವಿಮಾನದಲ್ಲಿ 15 ಕಿಲೋ ಲಗೇಜ್ ಮಿತಿ ಇದ್ದರೆ ವಾಪಸ್ ಬರುವಾಗ ಇದು ಕಾಡುತ್ತದೆ. ಹೇಗೂ ವಿಮಾನ ಹತ್ತುವ ಹಿಂದಿನ ದಿನ ಡೈವ್ ನಿಲ್ಲಿಸಬೇಕು, ಆ ದಿನ ಸೂಟ್ ಒಣಗಿಸಲು ಬಳಸಿ.

5 ಎಂಎಂ

ಅಂಡಮಾನಿಗೆ 5 ಎಂಎಂ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ವಾರವಿಡೀ ದಿನಕ್ಕೆ ಮೂರು-ನಾಲ್ಕು ಡೈವ್ ಮಾಡುವವರು, ಬಹಳ ತೆಳ್ಳಗಿನವರು, ಅಲ್ಲಾಡದೆ ಒಂದೇ ಕಡೆ ಗಂಟೆಗಟ್ಟಲೆ ಕೂತು ಫೋಟೋ ತೆಗೆಯುವವರು ಇದನ್ನು ಹಾಕಿಕೊಂಡೇ ಖುಷಿಯಾಗಿರುತ್ತಾರೆ. ನೀರಲ್ಲಿ ದಿನಾ ಇರುವ ಇನ್‌ಸ್ಟ್ರಕ್ಟರ್‌ಗಳನ್ನು ನೋಡಿ, ಪ್ರವಾಸಿಗರಿಗಿಂತ ಅವರ ಸೂಟೇ ದಪ್ಪ ಇರುತ್ತದೆ.

ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ಇದು ಬೇರೆಯೇ ಲೆಕ್ಕ. ಯುಎಇಯ ಫುಜೈರಾದಲ್ಲಿ ಬೇಸಿಗೆಯಲ್ಲಿ ನೀರು 30 ದಾಟುತ್ತದೆ, ಜನವರಿ-ಫೆಬ್ರವರಿಯಲ್ಲಿ 22-23ಕ್ಕೆ ಇಳಿಯುತ್ತದೆ. ಅಲ್ಲಿ ವರ್ಷಪೂರ್ತಿ ಡೈವ್ ಮಾಡುವವರಿಗೆ ಚಳಿಗಾಲಕ್ಕೆ 5 ಎಂಎಂ ಬೇಕೇ ಬೇಕು, ಬೇಸಿಗೆಗೆ ಲೈಕ್ರಾ. ಈಜಿಪ್ಟಿನ ಕೆಂಪು ಸಮುದ್ರವೂ ಫೆಬ್ರವರಿಯಲ್ಲಿ 21-22 ಡಿಗ್ರಿ. ನೂಸಾ ಪೆನಿಡಾದ ಮೋಲಾ ಸೀಸನ್ನಿಗೂ ಇದೇ, ಜೊತೆಗೆ ತಲೆ ಮುಚ್ಚುವ ಹುಡ್.

ತೊಂದರೆಗಳೂ ಇವೆ. ಏಪ್ರಿಲ್ ಮಧ್ಯಾಹ್ನ ದೋಣಿಯಲ್ಲಿ ಇದನ್ನು ಹಾಕಿಕೊಂಡು ಬ್ರೀಫಿಂಗ್ ಕೇಳುವುದು ಶಿಕ್ಷೆ. ಸೊಂಟದವರೆಗೆ ಮಾತ್ರ ಏರಿಸಿ ಕೂರಿ, ಇಲ್ಲವಾದರೆ ನೀರಿಗಿಳಿಯುವ ಮೊದಲೇ ಬೆವೆತು ಸುಸ್ತು. ಸೀಸ 3 ಎಂಎಂಗಿಂತ ಜಾಸ್ತಿ ಬೇಕು. ಮೇಲೆ ಜಾಸ್ತಿ ತೇಲುತ್ತದೆ, ಆಳದಲ್ಲಿ ಕುಗ್ಗಿ ಅಷ್ಟೇ ಭಾರವಾಗುತ್ತದೆ. ಗಾಳಿ ತುಂಬುವ ಡೈವಿಂಗ್ ಜಾಕೆಟ್ಟಾದ ಬಿಸಿಡಿಯಲ್ಲಿ ಗಾಳಿ ಹಾಕಿ-ತೆಗೆದು ಹೊಂದಿಸಿಕೊಳ್ಳುವುದು ಹೊಸಬರಿಗೆ ಕಷ್ಟ. ಒಣಗಲು ಕರಾವಳಿಯ ತೇವದಲ್ಲಿ ಎರಡು ದಿನ. ಮೊದಲ ಸೂಟಾಗಿ ಇದನ್ನು ಕೊಳ್ಳಿ ಅಂತ ನಾನು ಹೇಳೋದು ಗಲ್ಫ್‌ನವರಿಗೆ ಮಾತ್ರ.

ನಿಯೋಪ್ರೀನ್ ಇಲ್ಲದ ಥರ್ಮಲ್ ಸೂಟ್

ಹೊರಗೆ ಗಾಳಿ ತಡೆಯುವ ಬಟ್ಟೆ, ಒಳಗೆ ಮೆತ್ತನೆ ಫ್ಲೀಸ್. ಆಸ್ಟ್ರೇಲಿಯಾದ ಶಾರ್ಕ್‌ಸ್ಕಿನ್, ಬ್ರಿಟನ್ನಿನ ಫೋರ್ತ್ ಎಲಿಮೆಂಟ್ ಇಂಥವನ್ನು ಮಾಡುತ್ತವೆ. ಬಿಸಿ ಹೆಚ್ಚುಕಡಿಮೆ 2 ಎಂಎಂ ನಿಯೋಪ್ರೀನ್‌ನಷ್ಟು. ಇದರಲ್ಲಿ ಗುಳ್ಳೆಗಳಿಲ್ಲ, ಹಾಗಾಗಿ ತೇಲೋದಿಲ್ಲ, ಆಳದಲ್ಲಿ ಕುಗ್ಗೋದಿಲ್ಲ, ಸೀಸ ಸೇರಿಸಬೇಕಾಗಿಲ್ಲ. ದೋಣಿಯ ಗಾಳಿಗೆ ಚಳಿಯಾಗೋದಿಲ್ಲ. ಬೇಗ ಒಣಗುತ್ತದೆ, ವಾಸನೆ ಕಡಿಮೆ. ನಿಯೋಪ್ರೀನ್‌ನಲ್ಲಿರುವ ರಾಸಾಯನಿಕಕ್ಕೋ ಅಂಟಿಗೋ ಮೈಯಲ್ಲಿ ದದ್ದು ಏಳುವವರಿಗೆ ಇದು ವರ.

ಬೆಲೆ ಮಾತ್ರ ಚುರುಕು ಮುಟ್ಟಿಸುತ್ತದೆ. ಎರಡು ಸಾಧಾರಣ 3 ಎಂಎಂ ಸೂಟಿನ ದುಡ್ಡು ಒಂದಕ್ಕೆ ಹೋದರೆ ಆಶ್ಚರ್ಯ ಇಲ್ಲ. ನಮ್ಮಲ್ಲಿ ಅಂಗಡಿಯಲ್ಲಿ ಹಾಕಿ ನೋಡಿ ಕೊಳ್ಳುವ ಅವಕಾಶವೂ ಕಡಿಮೆ. ಆಗಾಗ ಪ್ರಯಾಣ ಮಾಡುವ, ಬ್ಯಾಗಿನ ತೂಕ ನೋಡುವ, ಸೀಸ ಕಟ್ಟಿಕೊಂಡು ಬೆನ್ನುನೋವು ಬರಿಸಿಕೊಳ್ಳುವವರಿಗೆ ಈ ದುಡ್ಡು ದಂಡ ಅಲ್ಲ. ಉಳಿದವರಿಗೆ ಇದು ಎರಡನೆಯ ಸೂಟ್.

ನಿಸರ್ಗ ರಬ್ಬರಿನಿಂದ ಮಾಡಿದ ಯೂಲೆಕ್ಸ್ ಸೂಟುಗಳೂ ಬಂದಿವೆ. ಕಚ್ಚಾ ತೈಲದಿಂದ ಬರುವ ನಿಯೋಪ್ರೀನ್ ಬೇಡ ಅನ್ನುವವರು ನೋಡಬಹುದು. ಬಳಕೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಬೆಲೆಯಲ್ಲಿ ಇದೆ.

ಹುಡ್ ಇರುವ ವೆಸ್ಟ್

ಇದನ್ನು ಯಾರೂ ಕೇಳೋದಿಲ್ಲ, ನಾನಾಗಿಯೇ ಹೇಳುತ್ತೇನೆ. ತೋಳಿಲ್ಲದ ತೆಳು ನಿಯೋಪ್ರೀನ್ ಬನಿಯನ್, ಮೇಲೆ ತಲೆ ಮುಚ್ಚುವ ಟೋಪಿ. 3 ಎಂಎಂ ಸೂಟಿನ ಒಳಗೆ ಹಾಕಿಕೊಂಡರೆ ಹೆಚ್ಚುಕಡಿಮೆ 5 ಎಂಎಂನಷ್ಟು ಬೆಚ್ಚಗೆ. ಕತ್ತಿನಿಂದ ತಣ್ಣೀರು ಬೆನ್ನಿಗೆ ಇಳಿಯೋದು ನಿಲ್ಲುತ್ತದೆ. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಅನ್ನೋದು ಸುಳ್ಳು ಮಾತು. ಆದರೆ ಉಳಿದ ಮೈಯೆಲ್ಲ ಮುಚ್ಚಿ ತಲೆ ಮಾತ್ರ ಬಿಟ್ಟರೆ ಶಾಖ ಸೋರುವ ದೊಡ್ಡ ಬಾಗಿಲು ಅದೇ ಆಗುತ್ತದೆ. ಜಡೆಯೂ ಒಳಗೇ ಇರುತ್ತದೆ. 3 ಎಂಎಂ ಮತ್ತು 5 ಎಂಎಂ ನಡುವೆ ಒದ್ದಾಡುವವರಿಗೆ ನನ್ನ ಉತ್ತರ ಇದು: 3 ಎಂಎಂ ಜೊತೆ ಈ ವೆಸ್ಟ್ ತಗೊಳ್ಳಿ. ಮೊದಲ ದಿನ ಬ್ಯಾಗಲ್ಲಿರಲಿ, ನಾಲ್ಕನೆಯ ದಿನ ಹೊರಗೆ ಬರುತ್ತದೆ.

ಕೊಳ್ಳಲೇಬೇಕಾ?

ಮೊದಲ ಸಲ ನೇತ್ರಾಣಿಯಲ್ಲೋ ಹ್ಯಾವ್ಲಾಕ್‌ನಲ್ಲೋ ಪ್ರಯೋಗದ ಡೈವ್ ಮಾಡುವವರು ಏನೂ ಕೊಳ್ಳಬೇಡಿ. ಸೂಟ್ ಸಾಮಾನ್ಯವಾಗಿ ಪ್ಯಾಕೇಜಿನಲ್ಲೇ ಇರುತ್ತದೆ. ರ‍್ಯಾಶ್ ಗಾರ್ಡ್ ಒಂದಿದ್ದರೆ ಸಾಕು. ಕೋರ್ಸ್ ಮುಗಿಸಿ ಇದು ನಿಮಗೆ ಹಿಡಿಸಿದೆ ಅಂತ ಖಾತ್ರಿಯಾದ ಮೇಲೆ ನೋಡಿ. ವರ್ಷಕ್ಕೊಂದು ಸಲ, ಮೂರ್ನಾಲ್ಕು ಡೈವ್ ಅಂದರೆ ಬಾಡಿಗೆಯೇ ಲಾಭ. ಮಾಲ್ಡೀವ್ಸಿನಂಥ ಕಡೆ ಸಲಕರಣೆಗೆ ದಿನದ ಲೆಕ್ಕದಲ್ಲಿ ಡಾಲರ್ ಎಣಿಸುತ್ತಾರೆ, ಅಲ್ಲಿ ವಾರ ಉಳಿಯುವವರಿಗೆ ಸ್ವಂತ ಸೂಟ್ ಬೇಗ ಅಸಲು ಕೊಡುತ್ತದೆ.

ಒಂದು ಅಪವಾದ ಇದೆ. ತುಂಬಾ ಎತ್ತರ, ತುಂಬಾ ಗಿಡ್ಡ, ಹೊಟ್ಟೆ ದೊಡ್ಡದು, ಮೈ ತೀರಾ ತೆಳ್ಳಗೆ, ಹೀಗೆ ಅಂಗಡಿ ಅಳತೆಗೆ ಸಿಗದ ಮೈಯವರಿಗೆ ಬಾಡಿಗೆ ಸೂಟ್ ಯಾವತ್ತೂ ಕೂರೋದಿಲ್ಲ. ಅಂಥವರು ಮಾಸ್ಕ್ ಆದಮೇಲೆ ಮೊದಲು ಕೊಳ್ಳಬೇಕಾದ್ದು ಸೂಟನ್ನೇ. ಮಕ್ಕಳಿಗೆ ಉಲ್ಟಾ. ಹತ್ತು ವರ್ಷ ತುಂಬಿದವರು ಜೂನಿಯರ್ ಕೋರ್ಸ್ ಮಾಡಬಹುದು. ಆದರೆ ಇವತ್ತಿನ ಸೂಟ್ ಮುಂದಿನ ವರ್ಷ ಆಗೋದಿಲ್ಲ. ಬಾಡಿಗೆಗೇ ತಗೊಳ್ಳಿ, ದೊಡ್ಡವರಿಗಿಂತ ದಪ್ಪದ್ದು ತಗೊಳ್ಳಿ.

ಬೆಂಗಳೂರಿನ ಈಜುಕೊಳದಲ್ಲಿ ಡಿಸೆಂಬರ್‌ನಲ್ಲಿ ಅಭ್ಯಾಸ ಇದ್ದರೆ ಹುಷಾರು. ಕಾಯಿಸದ ಕೊಳದ ನೀರು ಅಂಡಮಾನಿನ ಕಡಲಿಗಿಂತ ಎಷ್ಟೋ ತಣ್ಣಗೆ. ಅಲ್ಲಿಗೆ ಬಾಡಿಗೆ ಸೂಟ್ ಬಳಸಿ. ಕ್ಲೋರಿನ್ ನಿಯೋಪ್ರೀನ್‌ನ ಬಣ್ಣ, ಬಾಳಿಕೆ ಎರಡನ್ನೂ ತಿನ್ನುತ್ತದೆ.

ಕೈಯಲ್ಲಿ ಎರಡು ಸಾವಿರ ಇದ್ದರೆ ಉದ್ದ ತೋಳಿನ ರ‍್ಯಾಶ್ ಗಾರ್ಡ್, ಲೈಕ್ರಾ ಪ್ಯಾಂಟ್, ಸೂಟ್ ಬಾಡಿಗೆಗೆ. ಆರೇಳು ಸಾವಿರ ಇದ್ದರೆ ಸರಳ 3 ಎಂಎಂ ಫುಲ್ ಸೂಟ್, ಶಾರ್ಟಿಗೆ ಮರುಳಾಗಬೇಡಿ. ಹನ್ನೆರಡು ಸಾವಿರದ ಹತ್ತಿರ ಇದ್ದರೂ ಅದೇ ಸೂಟ್, ಮಿಕ್ಕಿದ್ದರಲ್ಲಿ ಹುಡ್ ವೆಸ್ಟ್. ಅದಕ್ಕೂ ಮೀರಿ ಖರ್ಚು ಮಾಡುವ ಮನಸ್ಸಿದ್ದರೆ ಮಾತ್ರ ದುಬಾರಿ ಹಿಗ್ಗುವ ಬಟ್ಟೆಯೋ ಥರ್ಮಲ್ಲೋ ಅಂತ ಯೋಚಿಸಿ.

ಹಾಕಿ ನೋಡುವಾಗ

ಅಳತೆ ಚಾರ್ಟ್ ನಂಬಿ ಆನ್‌ಲೈನ್‌ನಲ್ಲಿ ತರಿಸೋದಾದರೆ ವಾಪಸ್ ಮಾಡುವ ಅವಕಾಶ ಇರಲಿ. ಬಹಳ ಕಂಪನಿಗಳ ಅಳತೆ ಯುರೋಪಿನ ಮೈಗೆ ಹೊಲಿದದ್ದು. ಎದೆ ಸರಿಹೋದರೆ ಕಾಲು ಉದ್ದ, ಕಾಲು ಸರಿಹೋದರೆ ಹೊಟ್ಟೆ ಬಿಗಿ. ಕಾಲು ಒಂದೆರಡು ಇಂಚು ಉದ್ದವಾದರೆ ಪರವಾಗಿಲ್ಲ. ಎದೆ, ಸೊಂಟದ ಹಿಂಭಾಗ, ಕಂಕುಳು ಈ ಮೂರು ಕಡೆ ಸಡಿಲ ಇರಬಾರದು. ಬೆನ್ನಿನ ಕೆಳಗೆ ಬಟ್ಟೆ ಚಿಮುಟಿ ಎತ್ತಿ ನೋಡಿ. ಸುಲಭವಾಗಿ ಕೈಗೆ ಬಂದರೆ ಅಲ್ಲೇ ನೀರು ತುಂಬುತ್ತದೆ. ಹೆಂಗಸರಿಗೆ ಹೆಂಗಸರ ಮೈಯಳತೆಗೆ ಕತ್ತರಿಸಿದ್ದೇ ಬೇಕು, ಯುನಿಸೆಕ್ಸ್ ಅಂತ ಬರೆದದ್ದು ಬಹುತೇಕ ಗಂಡಸರ ಸೂಟ್.

ಏರಿಸುವಾಗ ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡರೆ ಸರ್ರನೆ ಜಾರುತ್ತದೆ, ಆಮೇಲೆ ಕೈಗೂ ಅದನ್ನೇ. ಉಗುರಿನಿಂದ ಎಳೆಯಬೇಡಿ, ಹರಿಯುತ್ತದೆ. ಪೂರ್ತಿ ಹಾಕಿದ ಮೇಲೆ ಜಿಪ್ ಏರಿಸಿ ಕುಕ್ಕರಗಾಲಲ್ಲಿ ಕೂತು ಏಳಿ, ಕೈ ಎರಡೂ ಮೇಲೆತ್ತಿ, ಟ್ಯಾಂಕಿನ ವಾಲ್ವ್ ಮುಟ್ಟುವ ಹಾಗೆ ಹಿಂದಕ್ಕೆ ಚಾಚಿ. ಎದೆ ತುಂಬಾ ಉಸಿರು ಎಳೆದುಕೊಳ್ಳಿ. ಬಿಗಿ ಅನ್ನಿಸೋದು ಸರಿ, ನೀರಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಉಸಿರು ಪೂರ್ತಿ ಹೋಗದಿದ್ದರೆ, ಕತ್ತು ಒತ್ತಿ ತಲೆ ಸುತ್ತಿದಂತಾದರೆ ಮಾತ್ರ ಒಂದು ಸೈಜ್ ಮೇಲಿನದು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಮಂಡಿ ಮತ್ತು ಭುಜವನ್ನು ಬೆರಳಲ್ಲಿ ಒತ್ತಿ ನೋಡಿ. ಉಳಿದ ಕಡೆಗಿಂತ ತೆಳ್ಳಗೆ, ಕಾಗದದಂತೆ ಇದ್ದರೆ ಬಿಟ್ಟುಬಿಡಿ. ಬಟ್ಟೆ ಎಳೆದಾಗ ಸಣ್ಣ ಬಿರುಕು ಕಂಡರೂ ಬೇಡ. ಜಿಪ್ ಹತ್ತು ಸಲ ಏರಿಸಿ ಇಳಿಸಿ. ವಾಸನೆ ಇದ್ದರೆ ತೊಳೆದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಸಿಹಿನೀರಲ್ಲಿ ಅದ್ದಿ, ಒಳಮೈ ಹೊರಗೆ ಮಾಡಿ, ನೆರಳಲ್ಲಿ ಅಗಲ ಹ್ಯಾಂಗರಿಗೆ ಹಾಕಿ. ವಾಷಿಂಗ್ ಮಷಿನ್ ಬೇಡ, ಬಿಸಿಲೂ ಬೇಡ. ಮಡಚಿ ಬೀರುವಿನಲ್ಲಿ ಇಟ್ಟರೆ ಮಡಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರಗೆ ತೆಗೆದು ಗಾಳಿಗೆ ಹಾಕಿ, ಬೂಷ್ಟು ಹಿಡಿದ ಮೇಲೆ ಆ ಕಪ್ಪು ಚುಕ್ಕೆ ಹೋಗೋದು ಕಷ್ಟ.